ರೆಜಿ ವೈಟ್ ಎಲ್ಲಿಗೆ ಹೋಗ್ತಾರೆ? 1993ರ ಆ ಐದು ವಾರಗಳು

(ಅಮೆರಿಕದ ಮಿಡ್‌ವೆಸ್ಟ್‌ನ ಒಂದು ಕನ್ನಡ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮಾರ್ಚ್ ಬಂತೆಂದರೆ ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳ ಬಾಯಲ್ಲಿ ಅಮೆರಿಕನ್ ಫುಟ್‌ಬಾಲ್ ಬಗ್ಗೆ ಒಂದೇ ಮಾತು. ಆ ಡಿಫೆಂಡರ್ ಯಾವ ಟೀಮಿಗೆ ಸೈನ್ ಮಾಡ್ತಾನೆ? ಊಟದ ತಟ್ಟೆ ಮುಂದೆ ಇದ್ದರೂ ಕಣ್ಣು ಫೋನಿನ ಮೇಲೆ. ಊರಿಂದ ಬಂದಿರುವ ಅಜ್ಜ ಅಜ್ಜಿ ಕೇಳುತ್ತಾರೆ, ಇದೂ ಐಪಿಎಲ್ ಹರಾಜಿನ ಥರಾನಾ ಅಂತ. ಅಲ್ಲ. ಹರಾಜಿನಲ್ಲಿ ತಂಡದವರು ಕೂಗುತ್ತಾರೆ, ಆಟಗಾರ ಎಲ್ಲೋ ಕೂತು ಟಿವಿಯಲ್ಲಿ ನೋಡುತ್ತಾನೆ. ಇಲ್ಲಿ ಕಾಂಟ್ರ್ಯಾಕ್ಟ್ ಮುಗಿದ ಆಟಗಾರನೇ ತಂಡಗಳ ಜೊತೆ ಮಾತಾಡುತ್ತಾನೆ, ಮನಸ್ಸು ಒಪ್ಪಿದ ಕಡೆ ಸಹಿ ಹಾಕುತ್ತಾನೆ. ಇದಕ್ಕೇ ಫ್ರೀ ಏಜೆನ್ಸಿ ಅನ್ನುವುದು.

ಈ ಸಂಜೆ ನಾನು ಈ ವರ್ಷದ ಆಟಗಾರರ ಬಗ್ಗೆ ಭವಿಷ್ಯ ಹೇಳುವುದಿಲ್ಲ. 1993ಕ್ಕೆ ಹೋಗೋಣ. ಆಗ ಇಡೀ ದೇಶವೇ ಒಬ್ಬ ಡಿಫೆಂಡರ್ ಬಗ್ಗೆ ಈ ಪ್ರಶ್ನೆ ಕೇಳಿತ್ತು. ಅವರು ರೆಜಿ ವೈಟ್. ಉತ್ತರ ಬಂದಾಗ ಹೆಚ್ಚಿನವರ ಲೆಕ್ಕ ತಲೆಕೆಳಗಾಯಿತು. ಆ ಲೆಕ್ಕ ಯಾಕೆ ತಪ್ಪಿತು ಅನ್ನುವುದು ಗೊತ್ತಾದರೆ ಇವತ್ತಿನ ಸುದ್ದಿಯನ್ನು ಓದುವ ರೀತಿಯೇ ಬೇರೆಯಾಗುತ್ತದೆ ಅನ್ನುವುದು ನನ್ನ ನಂಬಿಕೆ.

ಮೊದಲು ಆ ಮನುಷ್ಯನ ಬಗ್ಗೆ ಸ್ವಲ್ಪ. ವೈಟ್ ಹುಟ್ಟಿದ್ದು 1961ರಲ್ಲಿ, ಟೆನ್ನೆಸ್ಸೀ ರಾಜ್ಯದ ಚಟನೂಗದಲ್ಲಿ. ಹದಿನೇಳನೇ ವಯಸ್ಸಿಗೇ ಬ್ಯಾಪ್ಟಿಸ್ಟ್ ಪಾದ್ರಿಯಾದವರು. ಆಡುತ್ತಿದ್ದದ್ದು ಡಿಫೆನ್ಸಿವ್ ಎಂಡ್ ಜಾಗದಲ್ಲಿ. ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಅವನನ್ನು ಹಿಡಿದು ಕೆಡವುವುದು ಆ ಜಾಗದವರ ಮುಖ್ಯ ಕೆಲಸ. ಹಾಗೆ ಕೆಡವಿದರೆ ಅದು ಸ್ಯಾಕ್. ಒಂದು ಪಂದ್ಯದಲ್ಲಿ ಒಂದು ಸ್ಯಾಕ್ ಸಿಕ್ಕರೆ ಒಳ್ಳೆಯ ಡಿಫೆಂಡರ್‌ಗೂ ಅದು ಖುಷಿಯ ದಿನ. ವೈಟ್ 1985ರಿಂದ 1992ರವರೆಗೆ ಫಿಲಡೆಲ್ಫಿಯಾ ಈಗಲ್ಸ್ ತಂಡಕ್ಕೆ 121 ಪಂದ್ಯ ಆಡಿದರು, 124 ಸ್ಯಾಕ್ ಮಾಡಿದರು. ಪಂದ್ಯಕ್ಕಿಂತ ಸ್ಯಾಕೇ ಜಾಸ್ತಿ!

ಅವರ ಒಂದು ಪಟ್ಟು ಇದೆ. ಹಳೆಯ ವಿಡಿಯೊ ಸಿಕ್ಕರೆ ದಯವಿಟ್ಟು ನೋಡಿ. ಆರಡಿ ಐದಿಂಚು ಎತ್ತರ, ಸುಮಾರು 300 ಪೌಂಡ್ ತೂಕದ ಮನುಷ್ಯ ಮೊದಲು ಹೊರಗಡೆಯಿಂದ ಸುತ್ತಿ ಬರುವ ಹಾಗೆ ಓಡುತ್ತಾರೆ. ತಡೆಯಬೇಕಾದವನು ಅದನ್ನೇ ನಂಬಿ ಹೊರಗೆ ವಾಲುತ್ತಾನೆ. ಅಷ್ಟೇ ಸಾಕು. ವೈಟ್ ಒಂದು ತೋಳನ್ನು ಅವನ ಕಂಕುಳ ಕೆಳಗೆ ತೂರಿಸಿ, ಎತ್ತಿ, ಪಕ್ಕಕ್ಕೆ ತಳ್ಳುತ್ತಾರೆ. ಅವನೂ ಹೆಚ್ಚುಕಡಿಮೆ ಅಷ್ಟೇ ತೂಕದವನು. ಆದರೂ ಕಾಲು ನೆಲ ಬಿಟ್ಟು ಹೋಗುತ್ತಾನೆ. ಆ ಕಾಲದಲ್ಲಿ ಇದಕ್ಕೆ ಮದ್ದೇ ಇರಲಿಲ್ಲ.

ಇಂಥ ಆಟಗಾರನಿಗೆ ಯಾವ ತಂಡ ಬೇಕೋ ಅಲ್ಲಿಗೆ ಹೋಗುವ ಸ್ವಾತಂತ್ರ್ಯ ಇತ್ತಾ? ಇರಲಿಲ್ಲ. ಈ ಭಾಗವನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಹೊತ್ತು ಇಲ್ಲಿ ನಿಲ್ಲುತ್ತೇನೆ.

ಈ ಆಟದ ವೃತ್ತಿಪರ ಲೀಗ್ ಆದ ಎನ್ಎಫ್ಎಲ್‌ನಲ್ಲಿ ಬಹಳ ವರ್ಷ ಕಾಂಟ್ರ್ಯಾಕ್ಟ್ ಮುಗಿದರೂ ಬಿಡುಗಡೆ ಇರಲಿಲ್ಲ. ಬೇರೆ ತಂಡ ನಿಮ್ಮನ್ನು ಕರೆದುಕೊಂಡರೆ ಹಳೆಯ ತಂಡಕ್ಕೆ ಪರಿಹಾರ ಕೊಡಬೇಕಿತ್ತು. ಎರಡೂ ತಂಡ ಒಪ್ಪದಿದ್ದರೆ ಎಷ್ಟು ಕೊಡಬೇಕು ಅನ್ನುವುದನ್ನು ಲೀಗಿನ ಕಮಿಷನರ್ ತೀರ್ಮಾನ ಮಾಡುತ್ತಿದ್ದರು. ಏನು ಕಳೆದುಕೊಳ್ಳಬೇಕೋ ಮೊದಲೇ ಗೊತ್ತಿಲ್ಲದಿದ್ದರೆ ಯಾವ ತಂಡ ತಾನೇ ಕೈ ಹಾಕುತ್ತೆ? ಜಾನ್ ಮ್ಯಾಕಿ ಅನ್ನುವ ಆಟಗಾರ ಕೋರ್ಟಿಗೆ ಹೋಗಿ 1976ರಲ್ಲಿ ಆ ನಿಯಮವನ್ನು ಬೀಳಿಸಿದರು. ಆದರೆ ಅದರ ಜಾಗಕ್ಕೆ ಬಂದ ವ್ಯವಸ್ಥೆಯಲ್ಲೂ ಬೆರಳೆಣಿಕೆಯ ಆಟಗಾರರು ಮಾತ್ರ ತಂಡ ಬದಲಿಸಿದರು. 1987ರಲ್ಲಿ ಆಟಗಾರರು ಮುಷ್ಕರ ಹೂಡಿದರು. ಮಾಲೀಕರು ಬದಲಿ ಆಟಗಾರರನ್ನು ತಂದು ಪಂದ್ಯ ಆಡಿಸಿದರು, ಮುಷ್ಕರ ಮುರಿದುಬಿತ್ತು. 1989ರಲ್ಲಿ ಪ್ಲಾನ್ ಬಿ ಅಂತ ಬಂತು. ಪ್ರತಿ ತಂಡ 37 ಆಟಗಾರರನ್ನು ಕಟ್ಟಿಹಾಕಿಕೊಳ್ಳಬಹುದು, ಉಳಿದವರು ಎಲ್ಲಿಗಾದರೂ ಹೋಗಲಿ. ಅಂದರೆ ಬೆಂಚಿನ ಮೇಲೆ ಕೂರುವವನಿಗೆ ಸ್ವಾತಂತ್ರ್ಯ, ಚೆನ್ನಾಗಿ ಆಡುವವನಿಗೆ ಬಂಧನ. ಇದು ಅನ್ಯಾಯ ಅನ್ನುವುದಕ್ಕೆ ವಕೀಲರೇ ಬೇಕಾಗಿರಲಿಲ್ಲ, ಆದರೂ ವಕೀಲರೇ ಬರಬೇಕಾಯಿತು.

1992ರ ಸೆಪ್ಟೆಂಬರ್‌ನಲ್ಲಿ ಮಿನಿಯಾಪೊಲಿಸ್‌ನ ಕೋರ್ಟಿನಲ್ಲಿ ಜ್ಯೂರಿ ಪ್ಲಾನ್ ಬಿ ಕಾನೂನಿಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಆ ಕೇಸಿಗೆ ನ್ಯೂಯಾರ್ಕ್ ಜೆಟ್ಸ್‌ನ ಫ್ರೀಮನ್ ಮ್ಯಾಕ್‌ನೀಲ್ ಅವರ ಹೆಸರಿತ್ತು. ಜಡ್ಜ್ ಡೇವಿಡ್ ಡೋಟಿ. ತೀರ್ಪು ಬಂದ ಬೆನ್ನಲ್ಲೇ ಆಗ ಯಾವ ಕಾಂಟ್ರ್ಯಾಕ್ಟೂ ಇಲ್ಲದಿದ್ದ ನಾಲ್ಕು ಆಟಗಾರರಿಗೆ ಬೇರೆ ತಂಡ ಸೇರಲು ಡೋಟಿ ಕೆಲವೇ ದಿನಗಳ ಅವಕಾಶ ಕೊಟ್ಟರು. ಅವರಲ್ಲಿ ಒಬ್ಬರು ವೈಟ್ ಅವರ ಈಗಲ್ಸ್ ಜೊತೆಗಾರ ಕೀತ್ ಜಾಕ್ಸನ್. ಅವರು ಮಿಯಾಮಿಗೆ ಹೊರಟೇಹೋದರು. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಅದೇ ತಿಂಗಳು ಎಲ್ಲ ಆಟಗಾರರ ಪರವಾಗಿ ಇನ್ನೊಂದು ದೊಡ್ಡ ಕೇಸು ಹೂಡಲಾಯಿತು. ಅದರ ಮೇಲೆ ರೆಜಿ ವೈಟ್ ಹೆಸರಿತ್ತು. ಈ ವಿಷಯಕ್ಕೆ ನನಗೆ ಅವರ ಮೇಲೆ ತುಂಬಾ ಗೌರವ. ಲೀಗಿನ ಅತ್ಯುತ್ತಮ ಡಿಫೆಂಡರ್, ಇನ್ನೂ ಆಡುತ್ತಿರುವವರು, ತನಗೆ ಸಂಬಳ ಕೊಡುವವರ ವಿರುದ್ಧ ಹೆಸರು ಕೊಟ್ಟು ನಿಲ್ಲುವುದು ಸುಮ್ನೆ ಮಾತಲ್ಲ.

1993ರ ಜನವರಿಯಲ್ಲಿ ರಾಜಿ ಆಯಿತು. ಐದು ವರ್ಷ ಆಡಿ ಕಾಂಟ್ರ್ಯಾಕ್ಟ್ ಮುಗಿದವರು ಮಾರ್ಚ್ 1ರಿಂದ ಸ್ವತಂತ್ರರು. ಇದಕ್ಕೆ ಬದಲಾಗಿ ಮಾಲೀಕರಿಗೆ ಎರಡು ಸಿಕ್ಕವು. ಒಂದು ಸ್ಯಾಲರಿ ಕ್ಯಾಪ್, ಅಂದರೆ ತಂಡದ ಒಟ್ಟು ಸಂಬಳಕ್ಕೆ ಮಿತಿ. ಅದು 1994ರಿಂದ ಜಾರಿಗೆ ಬಂತು. ಇನ್ನೊಂದು ಫ್ರಾಂಚೈಸ್ ಟ್ಯಾಗ್. ವರ್ಷಕ್ಕೆ ಒಬ್ಬ ಆಟಗಾರನನ್ನು ದೊಡ್ಡ ಸಂಬಳ ಕೊಟ್ಟು ತಂಡ ತಡೆದಿಟ್ಟುಕೊಳ್ಳಬಹುದು. ಇವತ್ತು ನಿಮ್ಮ ಮಗ ಸ್ಯಾಲರಿ ಕ್ಯಾಪ್, ಟ್ಯಾಗ್ ಅಂತೆಲ್ಲ ಗೊಣಗುತ್ತಾನಲ್ಲ, ಅದರ ಬೇರು ಇರುವುದು ಈ ರಾಜಿಯಲ್ಲೇ.

ಈಗ ಮಾರ್ಚ್ 1993ಕ್ಕೆ ಬರೋಣ. ಬಾಗಿಲು ತೆರೆಯಿತು. ಎಲ್ಲರ ಕಣ್ಣು ವೈಟ್ ಮೇಲೆ. ಅವರು ಊರೂರು ಸುತ್ತಿದರು. ಕ್ಲೀವ್‌ಲ್ಯಾಂಡ್, ಅಟ್ಲಾಂಟಾ, ಡೆಟ್ರಾಯ್ಟ್, ನ್ಯೂಯಾರ್ಕ್, ವಾಷಿಂಗ್ಟನ್, ಸ್ಯಾನ್ ಫ್ರಾನ್ಸಿಸ್ಕೊ. ನಡುವೆ ಗ್ರೀನ್ ಬೇ ಅನ್ನುವ ಊರಿಗೂ ಹೋಗಿ ಬಂದರು. ದೊಡ್ಡ ನಗರಗಳ ಬಡ ಕಪ್ಪು ಜನರ ಬಡಾವಣೆಗಳಲ್ಲಿ ಸೇವೆ ಮಾಡುವ ಆಸೆ ಇದೆ ಅಂತ ವೈಟ್ ಹೇಳುತ್ತಿದ್ದರು. ದೇವರು ಎಲ್ಲಿಗೆ ಹೋಗು ಅನ್ನುತ್ತಾನೋ ಅಲ್ಲಿಗೆ ಹೋಗುತ್ತೇನೆ ಅಂತಲೂ ಹೇಳಿದ್ದರು. ಜನ ಲೆಕ್ಕ ಹಾಕಿದರು. ದೊಡ್ಡ ಊರು, ದೊಡ್ಡ ಚರ್ಚು, ಗೆಲ್ಲುವ ತಂಡ. ಹಾಗಾದರೆ ವಾಷಿಂಗ್ಟನ್ ಇಲ್ಲವೇ ಸ್ಯಾನ್ ಫ್ರಾನ್ಸಿಸ್ಕೊ. ಗ್ರೀನ್ ಬೇಗೆ ಹೋದದ್ದು ಬರೀ ಮರ್ಯಾದೆಗೆ ಅಂತ ಅಂದುಕೊಂಡರು.

ಯಾಕೆ ಹಾಗೆ ಅಂದುಕೊಂಡರು? ವಿಸ್ಕಾನ್ಸಿನ್‌ನ ಗ್ರೀನ್ ಬೇಯಲ್ಲಿ ಆಗ ಇದ್ದದ್ದು ಒಂದು ಲಕ್ಷಕ್ಕೂ ಕಡಿಮೆ ಜನ. ಎನ್ಎಫ್ಎಲ್ ತಂಡ ಇರುವ ಊರುಗಳಲ್ಲೇ ಅತಿ ಚಿಕ್ಕದು. ಅಲ್ಲಿ ಕಪ್ಪು ಜನರ ಸಂಖ್ಯೆ ತೀರಾ ಕಡಿಮೆ. ಚಳಿ ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಅಲ್ಲಿನ ಪ್ಯಾಕರ್ಸ್ ತಂಡಕ್ಕೆ ಒಬ್ಬ ಮಾಲೀಕ ಅಂತ ಇಲ್ಲ, ಊರ ಜನರೇ ಷೇರು ಹಿಡಿದಿದ್ದಾರೆ, ಲಾಭಾಂಶ ಯಾರಿಗೂ ಇಲ್ಲ. ಮೊದಲ ಎರಡು ಸೂಪರ್ ಬೌಲ್, ಅಂದರೆ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಅಂತಿಮ ಪಂದ್ಯ, ಗೆದ್ದ ತಂಡ ಇದೇ, ವಿನ್ಸ್ ಲೊಂಬಾರ್ಡಿ ಕೋಚ್ ಆಗಿದ್ದಾಗ. ಆದರೆ 1968ರಿಂದ 1992ರವರೆಗೆ ಪ್ಲೇಆಫ್‌ಗೆ ಬಂದದ್ದು ಎರಡೇ ಸಲ. ಮಾತು ಕೇಳದ ಆಟಗಾರನನ್ನು ಗ್ರೀನ್ ಬೇಗೆ ಕಳಿಸಿಬಿಡ್ತೀನಿ ಅಂತ ಬೇರೆ ತಂಡದ ಕೋಚ್‌ಗಳು ಹೆದರಿಸುತ್ತಿದ್ದರು. ಎಷ್ಟೋ ಕಪ್ಪು ಆಟಗಾರರಿಗೆ ಅದು ಬೇಡವಾದ ಊರಾಗಿತ್ತು.

ಈಗ ಜನ ಲೆಕ್ಕಕ್ಕೆ ತೆಗೆದುಕೊಳ್ಳದ ಸಂಗತಿಗಳನ್ನು ನೋಡಿ.

1992ರ ನವೆಂಬರ್ 15. ಮಿಲ್ವಾಕಿಯ ಕೌಂಟಿ ಸ್ಟೇಡಿಯಂ. ಆಗ ಪ್ಯಾಕರ್ಸ್ ಕೆಲವು ಪಂದ್ಯಗಳನ್ನು ಮಿಲ್ವಾಕಿಯಲ್ಲಿ ಆಡುತ್ತಿತ್ತು. ಎದುರಾಳಿ ಈಗಲ್ಸ್. ಪ್ಯಾಕರ್ಸ್‌ನ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್ ಅನ್ನುವ ಹೊಸ ಹುಡುಗ, ಅದೇ ವರ್ಷ ಅಟ್ಲಾಂಟಾದಿಂದ ಬಂದವನು. ವೈಟ್ ಅವನನ್ನು ಹಿಡಿದು ನೆಲಕ್ಕೆ ಅಪ್ಪಳಿಸಿದರು. ಎಡ ಭುಜ ಜಾರಿತು. ಹುಡುಗ ಮೈದಾನ ಬಿಟ್ಟು ಹೋಗಲಿಲ್ಲ. ನೋವು ನುಂಗಿಕೊಂಡು ಆಡಿದ. ಕೊನೆಯಲ್ಲಿ ಪ್ಯಾಕರ್ಸ್ 27-24ರಿಂದ ಗೆದ್ದಿತು. ಎದುರಿಗೆ ನಿಂತು ಇದನ್ನೆಲ್ಲ ನೋಡಿದವರು ವೈಟ್. ಗ್ರೀನ್ ಬೇ ಆರಿಸಿಕೊಳ್ಳಲು ಆ ಹುಡುಗನೂ ಒಂದು ಕಾರಣ ಅಂತ ಅವರೇ ಆಮೇಲೆ ಹೇಳಿದರು. ತಾನು ಹೊಡೆದು ಬೀಳಿಸಿದವನ ಜೊತೆಯೇ ಆಡಬೇಕು ಅನ್ನಿಸುವುದು, ಎಂಥ ಚಂದದ ಕಾರಣ ಅಲ್ವಾ?

ಎರಡನೆಯದು, ಆ ತಂಡ ನಡೆಸುತ್ತಿದ್ದವರು. ಜನರಲ್ ಮ್ಯಾನೇಜರ್ ರಾನ್ ವುಲ್ಫ್, ಕೋಚ್ ಮೈಕ್ ಹೋಂಗ್ರೆನ್. ಹೋಂಗ್ರೆನ್ ತಮ್ಮ ಮೊದಲ ವರ್ಷವೇ ತಂಡವನ್ನು 9 ಗೆಲುವು 7 ಸೋಲಿಗೆ ತಂದಿದ್ದರು. ಡಿಫೆನ್ಸ್ ನೋಡಿಕೊಳ್ಳುತ್ತಿದ್ದವರು ರೇ ರೋಡ್ಸ್, ಕಪ್ಪು ಕೋಚ್, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗೆಲ್ಲುವುದು ಕಲಿತು ಬಂದವರು. ವೈಟ್ ಮೇಲೆ ಇವರು ಬಿಟ್ಟೂಬಿಡದೆ ಮನಸ್ಸಿಟ್ಟರು. ಹೋಂಗ್ರೆನ್ ಮತ್ತು ರೋಡ್ಸ್ ಟೆನ್ನೆಸ್ಸೀಗೇ ಹೋಗಿ ಮಾತಾಡಿಸಿ ಬಂದರು. ಹೋಂಗ್ರೆನ್ ಹೇಳಿಕೊಂಡ ಒಂದು ಕಥೆ ಇದೆ. ವೈಟ್ ಅವರ ಫೋನಿಗೆ ಅವರು ಒಂದು ಮೆಸೇಜ್ ಬಿಟ್ಟರಂತೆ: ರೆಜಿ, ನಾನು ದೇವರು, ಗ್ರೀನ್ ಬೇಗೆ ಹೋಗು.

ಮೂರನೆಯದು ದುಡ್ಡು. ಇದನ್ನು ಮುಚ್ಚಿಡುವುದು ಬೇಡ. ಏಪ್ರಿಲ್ 6ರಂದು ವೈಟ್ ಗ್ರೀನ್ ಬೇ ಜೊತೆ ನಾಲ್ಕು ವರ್ಷಕ್ಕೆ 1 ಕೋಟಿ 70 ಲಕ್ಷ ಡಾಲರ್‌ಗೆ ಸಹಿ ಹಾಕಿದರು. ಆ ಕಾಲಕ್ಕೆ ಒಬ್ಬ ಡಿಫೆಂಡರ್‌ಗೆ ಅದು ಕಂಡು ಕೇಳರಿಯದ ಮೊತ್ತ. ದೇವರು ದೇವರು ಅಂದವರು ದುಡ್ಡು ಜಾಸ್ತಿ ಕೊಟ್ಟ ಕಡೆ ಹೋದರು ಅಂತ ಕೆಲವರು ಆಡಿಕೊಂಡರು. ನನಗೆ ಆ ಮಾತು ಸರಿ ಅನ್ನಿಸುವುದಿಲ್ಲ. ಅಷ್ಟು ವರ್ಷ ಮಾರುಕಟ್ಟೆಯೇ ಇಲ್ಲದೆ ದುಡಿದವರು, ಮಾರುಕಟ್ಟೆ ತೆರೆಸಿದವರು, ತಮ್ಮ ಬೆಲೆ ಕೇಳಿದರೆ ಅದರಲ್ಲಿ ತಪ್ಪೇನು? ದುಡ್ಡು ಇಲ್ಲದಿದ್ದರೆ ಗ್ರೀನ್ ಬೇ ಪಟ್ಟಿಯಲ್ಲೇ ಇರುತ್ತಿರಲಿಲ್ಲ, ಅದು ನಿಜ. ಬರೀ ದುಡ್ಡೇ ಆಗಿದ್ದರೆ ಆ ಚಳಿಯ ಚಿಕ್ಕ ಊರಲ್ಲಿ ಆರು ವರ್ಷ ಇರುತ್ತಿರಲಿಲ್ಲ, ಅದೂ ನಿಜ.

ಆಮೇಲೆ ಏನಾಯಿತು ಅಂತ ಎಲ್ಲ ಹೇಳುತ್ತಾ ಹೋದರೆ ರಾತ್ರಿ ಊಟ ಆರಿಹೋಗುತ್ತದೆ. ಒಂದು ದೃಶ್ಯ ಮಾತ್ರ ಹೇಳುತ್ತೇನೆ.

1993ರ ಡಿಸೆಂಬರ್ 26, ಗ್ರೀನ್ ಬೇಯ ಲ್ಯಾಂಬೋ ಫೀಲ್ಡ್. ಮೈ ಕೊರೆಯುವ ಚಳಿ. ಎದುರಿಗೆ ಲಾಸ್ ಏಂಜಲೀಸ್ ರೈಡರ್ಸ್. ಪ್ಯಾಕರ್ಸ್‌ನ ಲೀರಾಯ್ ಬಟ್ಲರ್ ಒಬ್ಬನಿಗೆ ಡಿಕ್ಕಿ ಕೊಟ್ಟರು, ಚೆಂಡು ಕೈಜಾರಿತು. ವೈಟ್ ಅದನ್ನು ಎತ್ತಿಕೊಂಡು ಓಡಿದರು. ಆ ಮೈಕಟ್ಟಿನವರು ಎಷ್ಟು ದೂರ ಓಡಿಯಾರು? ಎದುರಾಳಿ ಹಿಡಿಯುವ ಹೊತ್ತಿಗೆ ಪಕ್ಕದಲ್ಲಿ ಓಡಿಬರುತ್ತಿದ್ದ ಬಟ್ಲರ್ ಕೈಗೆ ಚೆಂಡು ದಾಟಿಸಿದರು. ಬಟ್ಲರ್ ಗೆರೆ ದಾಟಿ ಟಚ್‌ಡೌನ್ ಮಾಡಿ, ನಿಲ್ಲದೆ ಹಾಗೇ ಗೋಡೆ ಹತ್ತಿ ಪ್ರೇಕ್ಷಕರ ತೋಳಿಗೆ ಹಾರಿದರು. ಲ್ಯಾಂಬೋ ಲೀಪ್ ಅಂತ ಇವತ್ತು ಎಲ್ಲರೂ ಕರೆಯುವ ಆ ಹಾರಾಟ ಶುರುವಾದದ್ದು ಅಲ್ಲಿಂದ. ಪಂದ್ಯ 28-0. ಪ್ಯಾಕರ್ಸ್ ಪ್ಲೇಆಫ್‌ಗೆ ಹೋಯಿತು. ಫೋಟೊಗಳಲ್ಲಿ ಇರುವುದು ಬಟ್ಲರ್. ಆದರೆ ಆ ಚೆಂಡು ಬಂದದ್ದು ವೈಟ್ ಕೈಯಿಂದ.

ಇನ್ನೂ ದೊಡ್ಡ ಬದಲಾವಣೆ ಲಾಕರ್ ರೂಮಿನಲ್ಲಿ ಆಯಿತು. ವೈಟ್ ಹೋದ ಊರಿಗೆ ನಾವ್ಯಾಕೆ ಹೋಗಬಾರದು ಅಂತ ಬೇರೆ ಆಟಗಾರರು ಯೋಚಿಸತೊಡಗಿದರು. 1994ರಲ್ಲಿ ಹ್ಯೂಸ್ಟನ್‌ನಿಂದ ಶಾನ್ ಜೋನ್ಸ್ ಬಂದರು. 1996ರಲ್ಲಿ ಟ್ಯಾಂಪಾದಿಂದ ಸಂಟಾನಾ ಡಾಟ್ಸನ್ ಬಂದರು. ಆಗ ಹೇಳಿದ ಕೀತ್ ಜಾಕ್ಸನ್ ನೆನಪಿದೆಯಾ? 1995ರಲ್ಲಿ ಮಿಯಾಮಿ ಅವರನ್ನು ಗ್ರೀನ್ ಬೇಗೆ ಟ್ರೇಡ್ ಮಾಡಿತು. ಮೊದಲು ಬರುವುದಿಲ್ಲ ಅಂತ ಹಟ ಹಿಡಿದು ಮನೆಯಲ್ಲೇ ಕೂತರು, ಸೀಸನ್ ನಡುವೆ ಬಂದರು. 1997ರ ಜನವರಿ 26ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಸೂಪರ್ ಬೌಲ್. ಪ್ಯಾಕರ್ಸ್ 35, ನ್ಯೂ ಇಂಗ್ಲೆಂಡ್ 21. ಡೆಸ್ಮಂಡ್ ಹವರ್ಡ್ ಕಿಕ್‌ಆಫ್ ಹಿಡಿದು 99 ಗಜ ಓಡಿ ಬಂದ ಮೇಲೆ, ನ್ಯೂ ಇಂಗ್ಲೆಂಡ್ ಮತ್ತೆ ಚೆಂಡು ಹಿಡಿದಾಗ ವೈಟ್ ಬೆನ್ನುಬೆನ್ನಿಗೆ ಎರಡು ಸಲ ಅವರ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ಲೆಡ್ಸೋನನ್ನು ಕೆಡವಿದರು. ಅವತ್ತು ಒಟ್ಟು ಮೂರು ಸ್ಯಾಕ್. 29 ವರ್ಷಗಳ ನಂತರ ಗ್ರೀನ್ ಬೇಗೆ ಚಾಂಪಿಯನ್ ಪಟ್ಟ.

ಒಂದು ಮಾತು ಇಲ್ಲಿ ಹೇಳಲೇಬೇಕು. 1998ರಲ್ಲಿ ವಿಸ್ಕಾನ್ಸಿನ್ ಶಾಸನಸಭೆಯಲ್ಲಿ ವೈಟ್ ಸಲಿಂಗಿಗಳ ಬಗ್ಗೆ, ಬೇರೆಬೇರೆ ಜನಾಂಗಗಳ ಬಗ್ಗೆ ಆಡಿದ ಮಾತು ಎಷ್ಟೋ ಜನರಿಗೆ ನೋವು ಕೊಟ್ಟಿತು. ಅವರ ಆಟವನ್ನು ಹೊಗಳುವಾಗ ಅದನ್ನು ಬಚ್ಚಿಡುವುದು ನನಗೆ ಇಷ್ಟವಿಲ್ಲ. 2004ರಲ್ಲಿ, 43ನೇ ವಯಸ್ಸಿಗೆ, ಅವರು ತೀರಿಕೊಂಡರು. ಆಟ ಬಿಡುವಾಗ ಅವರ ಹೆಸರಲ್ಲಿ 198 ಸ್ಯಾಕ್ ಇದ್ದವು.

ಈಗ ಇವತ್ತಿನ ಮಾರ್ಚ್‌ಗೆ ಬರೋಣ. ಫೋನಿನಲ್ಲಿ ಸುದ್ದಿ ಬಂದಾಗ ಏನು ನೋಡಬೇಕು?

ದೊಡ್ಡ ಮೊತ್ತ ನೋಡಿ ಬೆರಗಾಗಬೇಡಿ. ಎನ್ಎಫ್ಎಲ್ ಕಾಂಟ್ರ್ಯಾಕ್ಟಿನ ಪೂರ್ತಿ ಮೊತ್ತಕ್ಕೆ ಸಾಮಾನ್ಯವಾಗಿ ಖಾತ್ರಿ ಇರುವುದಿಲ್ಲ. 2015ರಲ್ಲಿ ಎನ್‌ಡಾಮುಕಾಂಗ್ ಸೂ ಮಿಯಾಮಿ ಜೊತೆ ಆರು ವರ್ಷಕ್ಕೆ 11.4 ಕೋಟಿ ಡಾಲರ್ ಅಂತ ಸಹಿ ಹಾಕಿದರು. ಮೂರು ಸೀಸನ್ ಆದ ಮೇಲೆ ತಂಡ ಕೈಬಿಟ್ಟಿತು. 2022ರಲ್ಲಿ ವಾನ್ ಮಿಲ್ಲರ್ ಬಫಲೋಗೆ ಆರು ವರ್ಷಕ್ಕೆ 12 ಕೋಟಿ ಡಾಲರ್ ಅಂತ ಹೋದರು. 2025ರ ಮಾರ್ಚ್‌ನಲ್ಲಿ ಅವರನ್ನೂ ಬಿಟ್ಟರು. ಹಾಗಾಗಿ ಗ್ಯಾರಂಟಿ ಎಷ್ಟು ಅನ್ನುವುದನ್ನು ಹುಡುಕಿ ಓದಿ. ಫ್ಲೋರಿಡಾ, ಟೆಕ್ಸಸ್, ಟೆನ್ನೆಸ್ಸೀಯಂಥ ಕಡೆ ಸಂಬಳಕ್ಕೆ ರಾಜ್ಯದ ತೆರಿಗೆ ಇಲ್ಲ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಕೆಲಸ ಬದಲಿಸುವಾಗ ನಮ್ಮಲ್ಲಿ ಎಷ್ಟೋ ಜನ ಇದೇ ಲೆಕ್ಕ ಹಾಕಿದವರು.

ಆಮೇಲೆ ನೋಡಬೇಕಾದದ್ದು ಕ್ವಾರ್ಟರ್‌ಬ್ಯಾಕ್ ಯಾರು, ಡಿಫೆನ್ಸ್ ಕೋಚ್ ಯಾರು, ಯಾರು ಎದ್ದು ಮನೆಗೆ ಹೋಗಿ ಮಾತಾಡಿಸಿದರು ಅನ್ನುವುದು. ಇದು ಸುದ್ದಿಯ ತಲೆಬರಹದಲ್ಲಿ ಬರುವುದಿಲ್ಲ.

ನಿಜವಾಗಿ ಮೇಲ್ದರ್ಜೆಯ ಡಿಫೆಂಡರ್‌ಗಳು ಈಗ ಫ್ರೀ ಏಜೆನ್ಸಿಯವರೆಗೆ ಬರುವುದೇ ಅಪರೂಪ. ಟ್ಯಾಗ್ ಹಾಕಿ ತಡೆಯುತ್ತಾರೆ, ಇಲ್ಲವೇ ಮೊದಲೇ ಟ್ರೇಡ್ ಮಾಡುತ್ತಾರೆ. 1994ರಲ್ಲಿ ಒಂದು ತಂಡದ ಸಂಬಳದ ಮಿತಿ 3.46 ಕೋಟಿ ಡಾಲರ್ ಇತ್ತು. 2025ರಲ್ಲಿ ಅದು 27.92 ಕೋಟಿ. ಅದೇ 2025ರ ಆಗಸ್ಟ್‌ನಲ್ಲಿ ಡಲ್ಲಾಸ್ ತನ್ನ ಮೈಕಾ ಪಾರ್ಸನ್ಸ್‌ನನ್ನು ಟ್ರೇಡ್ ಮಾಡಿತು. ಹೊಸ ತಂಡ ನಾಲ್ಕು ವರ್ಷಕ್ಕೆ 18.8 ಕೋಟಿ ಡಾಲರ್ ಕೊಟ್ಟಿತು. ಆ ತಂಡ ಯಾವುದು? ಗ್ರೀನ್ ಬೇ. ಒಂದು ಕಾಲದಲ್ಲಿ ಹೆದರಿಸಲು ಹೆಸರು ಹೇಳುತ್ತಿದ್ದ ಅದೇ ಊರು. 2006ರಲ್ಲಿ ಚಾರ್ಲ್ಸ್ ವುಡ್ಸನ್ ಕೂಡ ಅಲ್ಲಿಗೆ ಬಂದರು, ಅದೂ ಬೇರೆ ತಂಡಗಳು ಆಸಕ್ತಿ ತೋರದಿದ್ದಾಗ ಒಲ್ಲದ ಮನಸ್ಸಿನಿಂದ. 2009ರಲ್ಲಿ ಲೀಗಿನ ಅತ್ಯುತ್ತಮ ಡಿಫೆಂಡರ್ ಪ್ರಶಸ್ತಿ ಪಡೆದರು, ಮುಂದಿನ ಸೀಸನ್‌ನಲ್ಲಿ ಸೂಪರ್ ಬೌಲ್ ಗೆದ್ದರು.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು, ನಮ್ಮ ಐಪಿಎಲ್‌ನಲ್ಲಿ ಹೀಗೆ ಆಗಬಹುದಾ ಅಂತ. ಒಮ್ಮೆ ಹೆಚ್ಚುಕಡಿಮೆ ಆಗಿದೆ. 2021ರ ಕೊನೆಯಲ್ಲಿ ನಮ್ಮ ಕೆ.ಎಲ್. ರಾಹುಲ್ ಪಂಜಾಬ್ ತಂಡದಲ್ಲಿ ಉಳಿಯಲಿಲ್ಲ. ಉಳಿಸಿಕೊಳ್ಳುವ ಆಸೆ ಇತ್ತು, ಅವರೇ ಹೊರಡಲು ನಿರ್ಧರಿಸಿದರು ಅಂತ ಕೋಚ್ ಅನಿಲ್ ಕುಂಬ್ಳೆ ಹೇಳಿದರು. ಆಗ ಎರಡು ಹೊಸ ತಂಡ ಬರುತ್ತಿದ್ದವು. ಹರಾಜಿಗೆ ಮೊದಲೇ ಮೂವರು ಆಟಗಾರರ ಜೊತೆ ನೇರವಾಗಿ ಮಾತಾಡುವ ಅವಕಾಶ ಅವಕ್ಕೆ ಇತ್ತು. ಲಖನೌ 17 ಕೋಟಿ ರೂಪಾಯಿಗೆ ರಾಹುಲ್ ಅವರನ್ನು ಒಪ್ಪಿಸಿತು. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ಹರಾಜು ನಡೆದಾಗ ಅಂಥ ಅವಕಾಶ ಇರಲಿಲ್ಲ. ಸುತ್ತಿಗೆ ಬಿದ್ದಿತು, 14 ಕೋಟಿಗೆ ದೆಹಲಿ. ಹತ್ತು ವರ್ಷ ಐಪಿಎಲ್ ಆಡಿದವರಿಗಾದರೂ ಹರಾಜಿಗೆ ಮೊದಲು ಒಂದು ತಿಂಗಳು ಬಿಡುವು ಕೊಟ್ಟು, ಯಾವ ತಂಡದ ಜೊತೆ ಬೇಕಾದರೂ ಮಾತಾಡಲು ಬಿಡಬೇಕು ಅನ್ನುವುದು ನನ್ನ ಅಭಿಪ್ರಾಯ. ಕ್ಲಬ್‌ಗಳು ಒಪ್ಪುವುದಿಲ್ಲ ಅಂತ ಆ ಪ್ರಶ್ನೆ ಕೇಳಿದವರು ಹೇಳಿದರು. 1992ರಲ್ಲಿ ಎನ್ಎಫ್ಎಲ್ ಮಾಲೀಕರೂ ಒಪ್ಪಿರಲಿಲ್ಲ.